110 ಮೀಟರ್ ಹರ್ಡಲ್ಸ್: ದೊಡ್ಡ ಕೂಟದ ಮೂರು ಸುತ್ತಿಗೆ ತಯಾರಾಗುವುದು ಹೇಗೆ

ಏಳನೇ ಹರ್ಡಲ್‌ಗೆ ಬಡಿದು ಕೆಟ್ಟ ಓಟದ ವಿಡಿಯೊ ನೋಡುವಾಗ ಅದನ್ನು ಮೊದಲ ಹರ್ಡಲ್‌ವರೆಗೂ ಹಿಂದಕ್ಕೆ ತನ್ನಿ. ಬಹುಪಾಲು ತಪ್ಪು ಹುಟ್ಟುವುದೇ ಅಲ್ಲಿ. ಹರ್ಡಲ್ಸ್ ಎಂದರೆ ಹತ್ತು ಸಲ ಹಾರುವುದಲ್ಲ, ಲಯ ಕೆಡದಂತೆ ವೇಗವಾಗಿ ಓಡುವುದು. ಖಂಡಮಟ್ಟದ ಚಾಂಪಿಯನ್‌ಷಿಪ್‌ನಲ್ಲಿ ಈ ಲಯವನ್ನು ಹೀಟ್ಸ್ (ಮೊದಲ ಸುತ್ತು), ಸೆಮಿಫೈನಲ್, ಫೈನಲ್ ಮೂರರಲ್ಲೂ ಹಿಡಿದಿಡಬೇಕು.

ಮೊದಲು ಅಳತೆ. ಹಿರಿಯ ಪುರುಷರ ಹರ್ಡಲ್ ಎತ್ತರ 1.067 ಮೀಟರ್. ಆರಂಭದ ಗೆರೆಯಿಂದ ಮೊದಲ ಹರ್ಡಲ್‌ಗೆ 13.72 ಮೀಟರ್, ಹರ್ಡಲ್‌ಗಳ ನಡುವೆ 9.14, ಹತ್ತನೆಯದರಿಂದ ಅಂತಿಮ ಗೆರೆಗೆ 14.02. ಅಭ್ಯಾಸಕ್ಕೆ ಹರ್ಡಲ್ ಇಡುವಾಗ ಅದರ ಪಾದಗಳು ಓಟಗಾರ ಬರುವ ದಿಕ್ಕಿಗೆ ಚಾಚಿರಬೇಕು, ಆಗ ಮಾತ್ರ ಕಾಲು ತಾಗಿದರೆ ಮುಂದಕ್ಕೆ ಉರುಳುತ್ತದೆ. ತಿರುಗಿಸಿ ಇಟ್ಟರೆ ಅದು ಬೀಳದೆ ಓಟಗಾರನನ್ನೇ ಬೀಳಿಸುತ್ತದೆ. ಎತ್ತರ ಬದಲಿಸಿದಾಗಲೆಲ್ಲ ಪಾದದ ತೂಕವನ್ನೂ ಆ ಎತ್ತರದ ಗುರುತಿಗೆ ಸರಿಸಿ. ಇದನ್ನು ಮರೆತರೆ ಹರ್ಡಲ್ ಒಂದೋ ಗಾಳಿಗೇ ಬೀಳುತ್ತದೆ, ಇಲ್ಲವೇ ಮೊಣಕಾಲಿಗೆ ಗೋಡೆಯಂತೆ ಸಿಗುತ್ತದೆ.

ಇನ್ನು ಬ್ಲಾಕ್‌ನಿಂದ (ಓಟ ಶುರುವಾಗುವಾಗ ಪಾದ ಒತ್ತಿ ತಳ್ಳುವ ಆಸರೆ) ಮೊದಲ ಹರ್ಡಲ್‌ವರೆಗೆ. ಟೇಕ್‌ಆಫ್, ಅಂದರೆ ಹಾರಲು ನೆಲ ಬಿಡುವ ಹೆಜ್ಜೆ, ಹರ್ಡಲ್‌ಗಿಂತ ಸುಮಾರು 2.1 ಮೀಟರ್ ಹಿಂದೆ ಬೀಳಬೇಕು. ಅಂದರೆ ಓಡಲು ಉಳಿಯುವುದು 11.6 ಮೀಟರ್. ಎಂಟು ಹೆಜ್ಜೆಯಾದರೆ ಸರಾಸರಿ ಹೆಜ್ಜೆ 1.45 ಮೀಟರ್, ಏಳಾದರೆ 1.66. ಎಂಟರಲ್ಲಿ ಟೇಕ್‌ಆಫ್ ಕಾಲು ಮುಂದಿನ ಬ್ಲಾಕ್‌ನಲ್ಲಿರುತ್ತದೆ, ಏಳರಲ್ಲಿ ಹಿಂದಿನದರಲ್ಲಿ. ಕ್ಯೂಬಾದ ಡೇರನ್ ರೋಬ್ಲೆಸ್ ಏಳು ಹೆಜ್ಜೆಯಲ್ಲಿ ಓಡಿದರು. ಅಮೆರಿಕದ ಏರೀಸ್ ಮೆರಿಟ್ ಎಂಟರಿಂದ ಏಳಕ್ಕೆ ಬದಲಿಸಿ, 2012ರಲ್ಲಿ ಬ್ರಸೆಲ್ಸ್‌ನಲ್ಲಿ 12.80 ಸೆಕೆಂಡ್‌ನ ವಿಶ್ವದಾಖಲೆ ಮಾಡಿದರು. ಹಾಗಂತ ಎಲ್ಲರೂ ಏಳಕ್ಕೆ ಹೋಗಬೇಕಿಲ್ಲ. ಉದ್ದ ಕಾಲಿನ, ಬ್ಲಾಕ್‌ನಿಂದ ಬಲವಾಗಿ ತಳ್ಳುವ ಓಟಗಾರನಿಗೆ ಎಂಟು ಇಕ್ಕಟ್ಟಾಗುತ್ತಿದ್ದರೆ ಮಾತ್ರ ಯೋಚಿಸಿ. ಹೆಜ್ಜೆಯನ್ನು ಬಲವಂತವಾಗಿ ಎಳೆದು ಏಳಕ್ಕೆ ಹೊಂದಿಸಿದರೆ ಪಾದ ದೇಹದ ಮುಂದೆ ಬಿದ್ದು ಬ್ರೇಕ್ ಹಾಕುತ್ತದೆ. ಬದಲಾವಣೆ ಬೇಕಿದ್ದರೆ ಕೂಟಗಳಿಲ್ಲದ ತಿಂಗಳುಗಳಲ್ಲಿ ಮಾಡಿ, ಚಾಂಪಿಯನ್‌ಷಿಪ್ ಹತ್ತಿರ ಬಂದಾಗ ಬೇಡ.

ಹರ್ಡಲ್ ಮೇಲೆ ಗಮನಿಸಬೇಕಾದ್ದು ಎರಡು ಬಿಂದು: ಕಾಲು ಎಲ್ಲಿಂದ ಬಿಟ್ಟಿತು, ಎಲ್ಲಿ ತಾಗಿತು. ಟೇಕ್‌ಆಫ್ 2 ಮೀಟರ್‌ಗಿಂತ ಸ್ವಲ್ಪ ಹಿಂದೆ, ಲ್ಯಾಂಡಿಂಗ್ ಹರ್ಡಲ್ ದಾಟಿ 1.3 ಮೀಟರ್ ಆಸುಪಾಸು ಇದ್ದರೆ ದಾರಿ ಚಪ್ಪಟೆಯಾಗಿದೆ ಎಂದರ್ಥ. ತೀರಾ ಹತ್ತಿರದಿಂದ ಎದ್ದರೆ ಸೊಂಟ ಮೇಲಕ್ಕೇ ಹೋಗಬೇಕಾಗುತ್ತದೆ, ಗಾಳಿಯಲ್ಲಿ ಕಾಲ ಕಳೆಯುತ್ತದೆ, ಇಳಿಯುವಾಗ ದೇಹ ಹಿಂದೆ ಉಳಿಯುತ್ತದೆ. ಲೀಡ್ ಕಾಲಿನ (ಮೊದಲು ಹರ್ಡಲ್ ದಾಟುವ ಕಾಲು) ಮೊಣಕಾಲನ್ನು ಮಡಿಚಿಕೊಂಡೇ ಎತ್ತಬೇಕು, ಪಾದ ಆಮೇಲೆ ಚಾಚಿಕೊಳ್ಳುತ್ತದೆ. ನೆಟ್ಟಗೆ ಬೀಸಿದ ಕಾಲು ನಿಧಾನವಾಗುತ್ತದೆ. ಟ್ರೇಲ್ ಕಾಲನ್ನು (ಹಿಂದಿನಿಂದ ದಾಟುವ ಕಾಲು) ಕಂಕುಳಿನ ಕಡೆಗೆ ಎಳೆದು ಎದೆಯ ಮುಂದಕ್ಕೆ ತನ್ನಿ. ಅರ್ಧಕ್ಕೇ ಕೆಳಗೆ ಬಿಟ್ಟರೆ ಮೊದಲ ಹೆಜ್ಜೆ ಗಿಡ್ಡವಾಗಿ ಮುಂದಿನ ಹರ್ಡಲ್ ದೂರವಾಗುತ್ತದೆ.

ಎರಡು ಹರ್ಡಲ್‌ಗಳ ನಡುವಿನ ಮೂರು ಹೆಜ್ಜೆಗಳು ಒಂದೇ ಉದ್ದದವಲ್ಲ. ಮೊದಲನೆಯದು ಗಿಡ್ಡ, ಎರಡನೆಯದು ಎಲ್ಲಕ್ಕಿಂತ ಉದ್ದ, ಮೂರನೆಯದು ಅದಕ್ಕಿಂತ ತುಸು ಕಡಿಮೆ. ಈ ಕೊನೆಯ ಹೆಜ್ಜೆಯ ಚುರುಕೇ ಸೊಂಟವನ್ನು ಹರ್ಡಲ್ ಮೇಲೆ ಮುಂದಕ್ಕೆ ತಳ್ಳುತ್ತದೆ. ವೇಗ ಹೆಚ್ಚಿದಂತೆ ಜಾಗ ಸಾಲದಾಗುತ್ತದೆ, ಏಕೆಂದರೆ 9.14 ಮೀಟರ್ ಬದಲಾಗುವುದಿಲ್ಲ. ಆದ್ದರಿಂದ ತರಬೇತಿಯಲ್ಲಿ ಹೆಜ್ಜೆ ಉದ್ದ ಮಾಡುವುದಕ್ಕಿಂತ ಚುರುಕು ಮಾಡುವುದು ಮುಖ್ಯ. ಐದು ಹರ್ಡಲ್‌ಗಳನ್ನು 8.6ರಿಂದ 8.8 ಮೀಟರ್ ಅಂತರದಲ್ಲಿ, 0.991 ಮೀಟರ್ ಎತ್ತರದಲ್ಲಿ ಇಟ್ಟು ಓಡಿಸಿ. ಕೂಟದ ದಿನದ ಬಿರುಸನ್ನು ಅಭ್ಯಾಸದಲ್ಲಿ ಕೊಡಿಸುವ ದಾರಿ ಇದೇ. ಪ್ರತಿ ಓಟದ ನಂತರ ಪೂರ್ತಿ ವಿಶ್ರಾಂತಿ ಕೊಡಿ. ದಣಿದ ಕಾಲಿಗೆ ಕಲಿಸಿದ ಲಯ ನಿಧಾನದ ಲಯ.

ಇದೆಲ್ಲ ಸರಿಯಿದೆಯೇ ಎಂದು ಹೇಳುವುದು ಟಚ್‌ಡೌನ್ ಸಮಯ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಫೋನ್ ಸಾಕು, ಒಂದು ಫ್ರೇಮ್ ಅಂದರೆ 0.004 ಸೆಕೆಂಡ್. ಗನ್‌ನ ಹೊಗೆ ಅಥವಾ ಮಿಂಚು ಕಂಡ ಫ್ರೇಮ್‌ನಿಂದ ಶುರುಮಾಡಿ, ಪ್ರತಿ ಹರ್ಡಲ್ ದಾಟಿ ಲೀಡ್ ಕಾಲು ನೆಲ ತಾಗಿದ ಕ್ಷಣ ಬರೆದುಕೊಳ್ಳಿ. 13.20 ಸೆಕೆಂಡ್‌ನ ಓಟದಲ್ಲಿ ಮೊದಲ ಟಚ್‌ಡೌನ್ ಸುಮಾರು 2.55, ನಂತರದ ಟಚ್‌ಡೌನ್‌ಗಳ ನಡುವಿನ ಒಂಬತ್ತು ಸಮಯದ ಅಂತರಗಳು ಸರಾಸರಿ 1.03, ಹತ್ತನೆಯದರಿಂದ ಗೆರೆವರೆಗಿನ ಓಟ 1.38 ಇರಬಹುದು. 14.00ಕ್ಕೆ 2.65, 1.10, 1.45. ಅತಿ ವೇಗದ ಅಂತರ ಸಾಮಾನ್ಯವಾಗಿ ಓಟದ ಮೊದಲರ್ಧದಲ್ಲೇ ಬರುತ್ತದೆ. ಆಮೇಲೆ ಅಂತರಗಳು ನಿಧಾನಕ್ಕೆ ಹಿಗ್ಗಿದರೆ ವೇಗ ತಾಳಿಕೊಳ್ಳುವ ಶಕ್ತಿ ಕಡಿಮೆ, ಒಂದೇ ಕಡೆ ಥಟ್ಟನೆ ಹಿಗ್ಗಿದರೆ ಅಲ್ಲಿ ಹರ್ಡಲ್‌ಗೆ ಬಡಿದಿದೆ ಅಥವಾ ಕೈ ಅಗಲಕ್ಕೆ ಹೋಗಿದೆ.

ಕೈಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲೇನ್ ಅಗಲ 1.22 ಮೀಟರ್, ಹರ್ಡಲ್ ಅಗಲವೇ 1.18ರಿಂದ 1.20. ಪಕ್ಕದವನ ಲೀಡ್ ಕಾಲು ಬೇರೆಯದಾದರೆ ಇಬ್ಬರ ಕೈಗಳೂ ಒಂದೇ ಜಾಗಕ್ಕೆ ಬರುತ್ತವೆ. 2011ರ ಡೇಗು ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಮೊದಲು ಗೆರೆ ದಾಟಿದ ರೋಬ್ಲೆಸ್, ಪಕ್ಕದ ಲೇನ್‌ನ ಚೀನಾದ ಲಿಯು ಶಿಯಾಂಗ್‌ಗೆ ಕೈ ತಾಗಿಸಿದ್ದಕ್ಕೆ ಅನರ್ಹರಾದರು. ಮೊಣಕೈ ಮಡಿಚಿ, ಕೈಯನ್ನು ಮುಂದೆ ಚಾಚಿ ಸೊಂಟದ ಬದಿಗೇ ವಾಪಸ್ ತನ್ನಿ. ಓಡುತ್ತಾ ಹರ್ಡಲ್ ತಾಗಿ ಬಿದ್ದರೆ ಅದಕ್ಕೇ ಶಿಕ್ಷೆಯಿಲ್ಲ. ಆದರೆ ಕೈಯಿಂದ, ಮೈಯಿಂದ ಅಥವಾ ಲೀಡ್ ಕಾಲಿನ ಮೇಲ್ಬದಿಯಿಂದ ಬೀಳಿಸಿದರೆ, ಕಾಲು ಹರ್ಡಲ್‌ನ ಹೊರಬದಿಯಲ್ಲಿ ಮೇಲ್ಪಟ್ಟಿಗಿಂತ ಕೆಳಗೆ ಹಾದರೆ, ಇನ್ನೊಬ್ಬನಿಗೆ ಅಡ್ಡಿಯಾದರೆ ಅನರ್ಹತೆ ಖಂಡಿತ.

ಹತ್ತನೆಯದನ್ನು ದಾಟಿದ ಕೂಡಲೇ ಓಟ ಮುಗಿಯಿತು ಎಂದುಕೊಳ್ಳುವವರು ಪದಕ ಕಳೆದುಕೊಳ್ಳುತ್ತಾರೆ. 2018ರ ಬರ್ಲಿನ್ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಪಾಸ್ಕಲ್ ಮಾರ್ಟಿನೋ-ಲಗಾರ್ಡ್ ಮತ್ತು ಸೆರ್ಗೆಯ್ ಶುಬೆಂಕೊವ್ ಇಬ್ಬರದೂ 13.17 ಸೆಕೆಂಡ್, ಚಿನ್ನ ಮಾರ್ಟಿನೋ-ಲಗಾರ್ಡ್‌ಗೆ. 2022ರಲ್ಲಿ ಮ್ಯೂನಿಕ್‌ನ ಅದೇ ಚಾಂಪಿಯನ್‌ಷಿಪ್‌ನಲ್ಲಿ ಮಾರ್ಟಿನೋ-ಲಗಾರ್ಡ್ ಅವರದೂ ಅಸಿಯೆರ್ ಮಾರ್ಟಿನೆಸ್ ಅವರದೂ 13.14, ಈ ಸಲ ಚಿನ್ನ ಮಾರ್ಟಿನೆಸ್‌ಗೆ. ಹಾಗಾಗಿ ಹತ್ತನೇ ಹರ್ಡಲ್‌ನಿಂದ ಗೆರೆವರೆಗಿನ ಓಟವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಿ: ಕೊನೆಯ ಎರಡು ಹರ್ಡಲ್ ಮಾತ್ರ ಇಟ್ಟು, ಎದೆ ಬಾಗಿಸುವುದನ್ನು ಕೊನೆಯ ಹೆಜ್ಜೆಗೆ ಮೀಸಲಿಟ್ಟು. ಮುಂಚೆ ಬಾಗಿದರೆ ಹೆಜ್ಜೆ ತೊಡರುತ್ತದೆ.

ಹೀಟ್ಸ್‌ನಲ್ಲಿ ನಿಧಾನಿಸಿ ಶಕ್ತಿ ಉಳಿಸುವ ಯೋಚನೆ ಈ ಓಟದಲ್ಲಿ ಅಪಾಯಕಾರಿ. ವೇಗ ಇಳಿಸಿದರೆ ಹೆಜ್ಜೆ ಮುಂದಿನ ಹರ್ಡಲ್‌ಗೆ ತಲುಪುವುದಿಲ್ಲ. ಹತ್ತನೆಯದರವರೆಗೆ ಪೂರ್ಣ ಲಯದಲ್ಲಿ ಓಡಿ, ಸ್ಥಾನ ಭದ್ರವಾಗಿದ್ದರೆ ಆಮೇಲೆ ಸಡಿಲಿಸಿ. ಸೆಮಿಫೈನಲ್ ಮತ್ತು ಫೈನಲ್ ಒಂದೇ ಸಂಜೆ ಇದ್ದಾಗ ಎರಡನೇ ವಾರ್ಮ್‌ಅಪ್ ಚಿಕ್ಕದಿರಲಿ. ಹಗುರ ಓಟ, ಸೊಂಟದ ಚಲನೆ, ಒಂದು ಹರ್ಡಲ್‌ವರೆಗೆ ಎರಡು ಸ್ಟಾರ್ಟ್, ಮೂರು ಹರ್ಡಲ್‌ವರೆಗೆ ಒಂದು ಓಟ ಸಾಕು. ಪ್ರತಿ ಸುತ್ತಿಗೂ ಮುನ್ನ ಗಾಳಿ ನೋಡಿ. ಹಿಂದಿನಿಂದ ಬೀಸಿದರೆ ಹರ್ಡಲ್ ಬೇಗ ಹತ್ತಿರ ಬರುತ್ತದೆ, ಹೆಜ್ಜೆ ಇನ್ನಷ್ಟು ಚುರುಕಾಗಬೇಕು. ಎದುರಿನಿಂದ ಬೀಸಿದರೆ ಹೆಜ್ಜೆ ಎಳೆಯುವ ಆಸೆ ಬಿಟ್ಟು, ಬ್ಲಾಕ್‌ನಿಂದ ಮೊದಲ ಹೆಜ್ಜೆಗಳಲ್ಲಿ ಬಲವಾಗಿ ತಳ್ಳಿ ವೇಗ ಕಟ್ಟಿಕೊಳ್ಳಿ.