ತೋಟ ಬಿಡುವ ಅರುವತ್ತು ದಿನ: ರಾಜೀನಾಮೆ ಕೊಟ್ಟ ರೈಟರನ ಟಿಪ್ಪಣಿ

ಕೊಡಗಿನಲ್ಲಿ ಕಾಫಿ ತೋಟದ ಕೆಲಸ ಬಿಡುವುದಕ್ಕೆ ಒಳ್ಳೆಯ ತಿಂಗಳು ಎಂಬುದಿಲ್ಲ. ನವೆಂಬರ್ ಕಳೆಯುವಾಗ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ, ಅದು ಮುಗಿಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಓಡಾಟ, ಆಮೇಲೆ ಗೊಬ್ಬರ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ. ಯಾವಾಗ ಕೊಟ್ಟರೂ ಸಾಹುಕಾರರ ಬಾಯಿಂದ ಬರುವುದು ಒಂದೇ ಮಾತು: "ಇಂಥ ಹೊತ್ತಿನಲ್ಲಿ ಬಿಟ್ಟು ಹೋಗುತ್ತೀಯಾ?"

ನಾನು ಸುಂಟಿಕೊಪ್ಪದ ಕಡೆಯ ಒಂದು ತೋಟದಲ್ಲಿ ಹನ್ನೊಂದು ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದೆ. ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ಬರೆಯುವುದು, ಶನಿವಾರದ ಬಟವಾಡೆ, ಗೋದಾಮಿನ ಲೆಕ್ಕ, ಪಿಎಫ್ ಕಟ್ಟುವುದು ಎಲ್ಲವೂ ನನ್ನದೇ. ಕುಶಾಲನಗರದ ಹತ್ತಿರ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ಘಟಕವೊಂದರಲ್ಲಿ ಕೆಲಸ ಸಿಕ್ಕಿತು, ಜನವರಿ 2ಕ್ಕೆ ಸೇರಬೇಕಿತ್ತು. ನವೆಂಬರ್ 1ರಂದು ಅರುವತ್ತು ದಿನದ ನೋಟಿಸ್ ಕೊಟ್ಟೆ. ಆ ಅರುವತ್ತು ದಿನದಲ್ಲಿ ಹನ್ನೊಂದು ವರ್ಷದಲ್ಲಿ ಕೇಳದ ಬೇಡಿಕೆಗಳೆಲ್ಲ ಬಂದವು. ಇಂಥದೇ ಪರಿಸ್ಥಿತಿಯಲ್ಲಿ ಇರುವವರಿಗೆ ಉಪಯೋಗಕ್ಕೆ ಬರಬಹುದೆಂದು, ನಾನು ಮಾಡಿದ್ದನ್ನೂ ಮಾಡಿ ಕೆಟ್ಟದ್ದನ್ನೂ ಬರೆಯುತ್ತಿದ್ದೇನೆ.

ಮೊದಲು ದಿನಾಂಕ ಗಟ್ಟಿ ಮಾಡಿಕೊಳ್ಳಿ. ನೇಮಕದ ಪತ್ರ ಹುಡುಕಿ ತೆಗೆದು, ನೋಟಿಸ್ ಎಷ್ಟು ದಿನ, ಬದಲಿಗೆ ಹಣ ಕಟ್ಟಿ ಬೇಗ ಹೋಗಬಹುದೇ, ನೋಟಿಸಿನ ಅವಧಿಯಲ್ಲಿ ರಜೆ ಇದೆಯೇ ಎಂಬ ಮೂರು ವಿಷಯ ಓದಿಕೊಳ್ಳಿ. ರಾಜೀನಾಮೆಯಲ್ಲಿ "ಅರುವತ್ತು ದಿನಗಳ ನಂತರ" ಎಂದು ಬರೆಯಬೇಡಿ. "ನನ್ನ ಕೊನೆಯ ಕೆಲಸದ ದಿನ ಡಿಸೆಂಬರ್ 30" ಎಂದೇ ಬರೆಯಿರಿ. ಎರಡು ಪ್ರತಿ ಮಾಡಿ ಒಂದರ ಮೇಲೆ "ತಲುಪಿದೆ" ಎಂದು ಸಹಿ, ತಾರೀಕು ಹಾಕಿಸಿಕೊಳ್ಳಿ. ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ. ನಮ್ಮ ಸಾಹುಕಾರರು ಬೆಂಗಳೂರಿನಲ್ಲಿದ್ದರು. 9ನೇ ತಾರೀಕು ಬಂದು, "ನಾನು ಓದಿದ್ದು ಇವತ್ತು, ಇವತ್ತಿನಿಂದ ಲೆಕ್ಕ" ಎಂದರು. ಮ್ಯಾನೇಜರರ ಸಹಿ ಇದ್ದ ಪ್ರತಿಯನ್ನು ಮೇಜಿನ ಮೇಲೆ ಇಟ್ಟೆ. ಆ ಒಂದು ಸಹಿ ಇಲ್ಲದಿದ್ದರೆ ನನ್ನ ಎಂಟು ದಿನ ಹೋಗುತ್ತಿತ್ತು, ಅದರ ಜೊತೆ ಹೊಸ ಕೆಲಸವೂ.

"ಮಾರ್ಚ್ ತನಕ ಇರು" ಎಂಬುದು ಎರಡನೆಯ ಬೇಡಿಕೆ. ಯಾರೂ ನಿಮ್ಮನ್ನು ಬಲವಂತವಾಗಿ ಕೆಲಸದಲ್ಲಿ ಉಳಿಸಿಕೊಳ್ಳುವಂತಿಲ್ಲ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ ಪ್ರಕಾರ ಇಂಥ ಸೇವೆಯ ಕರಾರನ್ನು ನ್ಯಾಯಾಲಯ ಬಲವಂತವಾಗಿ ನಡೆಸಿಕೊಡುವುದಿಲ್ಲ. ನೋಟಿಸ್ ಪೂರ್ತಿ ಮಾಡದೆ ಹೋದರೆ, ಕರಾರಿನಲ್ಲಿ ಹಾಗೆಂದು ಇದ್ದಲ್ಲಿ, ಅಷ್ಟು ದಿನದ ಸಂಬಳ ಕೇಳಬಹುದು. ಆದರೆ ಇದನ್ನೆಲ್ಲ ಸಾಹುಕಾರರ ಎದುರು ಓದಿ ಹೇಳಬೇಕಾಗಿಲ್ಲ. ನಾನು ಪ್ರತಿ ಸಲವೂ ಒಂದೇ ವಾಕ್ಯ ಹೇಳಿದೆ: "30ರ ಒಳಗೆ ಏನೇನು ಆಗಬೇಕು ಹೇಳಿ ಸರ್, ಮುಗಿಸಿಕೊಡುತ್ತೇನೆ." ನಾಲ್ಕನೆಯ ಸಲ ಅವರಿಗೇ ಬೇಸರ ಬಂದು ಮಾರ್ಚ್ ಎನ್ನುವುದನ್ನು ಬಿಟ್ಟರು.

ಗದರಿಕೆಯನ್ನು ಹೇಗೋ ತಡೆದುಕೊಳ್ಳಬಹುದು. ಜಗಲಿಯಲ್ಲಿ ಕೂರಿಸಿ ಕೊಡುವ ಬೆಲ್ಲದ ಕಾಫಿಯೇ ಕಷ್ಟ. "ಮನೆಯವನ ಹಾಗೆ ನೋಡಿಕೊಂಡೆ" ಎಂದರು, ಅದು ಸುಳ್ಳಲ್ಲ. ನನ್ನ ಹೆಂಡತಿಯ ಆಪರೇಷನ್ನಿಗೆ ಕೇಳದೆಯೇ ದುಡ್ಡು ಕೊಟ್ಟವರು ಅವರು. ಆ ಜಗಲಿಯಲ್ಲಿ ಕೂತು ನಾನು ಎರಡು ಭಾನುವಾರ ಲಾರಿ ಲೋಡಿಂಗಿಗೆ ಬರುತ್ತೇನೆ ಎಂದು ಒಪ್ಪಿಕೊಂಡೆ. ಎರಡು ನಾಲ್ಕಾಯಿತು. ಜಗಲಿಯಲ್ಲಿ ಯಾವುದಕ್ಕೂ ಹೂಂ ಎನ್ನಬೇಡಿ. "ನಾಳೆ ಬೆಳಿಗ್ಗೆ ಆಫೀಸಿನಲ್ಲಿ ಹೇಳುತ್ತೇನೆ" ಎಂದು ಲೋಟ ಕೆಳಗಿಟ್ಟು ಎದ್ದು ಬನ್ನಿ.

ಭಾನುವಾರದ ಆ ಪೆಟ್ಟು ತಿಂದ ಮೇಲೆ ನಾನು ನನ್ನದೇ ಒಂದು ಚೆಕ್‌ರೋಲ್ ಶುರು ಮಾಡಿದೆ. ಇಷ್ಟು ವರ್ಷ ಬೇರೆಯವರ ಹಾಜರಿ ಬರೆದವನಿಗೆ ತನ್ನ ಹಾಜರಿ ಬರೆಯುವುದೇನು ಕಷ್ಟ? ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿದಿನ ಬಂದ ಹೊತ್ತು, ಹೋದ ಹೊತ್ತು, ಹೇಳಿದ ಕೆಲಸ, ಹೇಳಿದವರು, ಮುಗಿದದ್ದು, ಉಳಿದದ್ದು. ಬಾಯಿಮಾತಿನ ಆದೇಶ ಬಂದರೆ ಸಂಜೆ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳುಹಿಸುತ್ತಿದ್ದೆ: "ಬೆಳಿಗ್ಗೆ ತಾವು ಫೋನಿನಲ್ಲಿ ಹೇಳಿದಂತೆ ಮೂರು ವರ್ಷದ ಗೊಬ್ಬರದ ಲೆಕ್ಕ ತೆಗೆಯಲು ಶುರು ಮಾಡಿದ್ದೇನೆ. ಇದಕ್ಕೆ ನಾಲ್ಕು ದಿನ ಬೇಕು. ಅಷ್ಟು ದಿನ ಹೊಸ ಹುಡುಗನಿಗೆ ಹೇಳಿಕೊಡುವುದು ನಿಲ್ಲುತ್ತದೆ. ಯಾವುದು ಮೊದಲು ತಿಳಿಸಿ." ನಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಪಂಪ್‌ಹೌಸಿನ ಮೇಲಿನ ದಿಬ್ಬದಲ್ಲಿ ಮಾತ್ರ. ದಿನಾ ಸಂಜೆ ಅಲ್ಲಿಗೆ ಹತ್ತಿ ಕಳುಹಿಸುತ್ತಿದ್ದೆ. ಮೇಸ್ತ್ರಿ ನೋಡಿ ನಗುತ್ತಿದ್ದ. ಗೊಬ್ಬರದ ಲೆಕ್ಕದ ಮಾತು ಆ ಸಂದೇಶದ ನಂತರ ಮತ್ತೆ ಬರಲಿಲ್ಲ.

ಇನ್ನು ಸಹಿಯ ವಿಷಯ. ಎಲ್ಲವನ್ನೂ ಮರೆತರೂ ಇದನ್ನು ಮರೆಯಬೇಡಿ.

ಡಿಸೆಂಬರ್ ಎರಡನೆಯ ವಾರ, ಬಟವಾಡೆಯ ಗಲಾಟೆಯ ನಡುವೆ, ಮ್ಯಾನೇಜರ್ ಟೈಪ್ ಮಾಡಿದ ಒಂದು ಹಾಳೆ ತಂದು ಇಟ್ಟರು. ಗೋದಾಮಿನಲ್ಲಿ 640 ಕಿಲೋ ಚೆರಿ (ಒಣಗಿಸಿದ ಕಾಫಿ ಹಣ್ಣು) ಕಡಿಮೆ ಬಂದಿದೆ, ಅದರ ಹೊಣೆ ನನ್ನದು ಎಂಬ ಒಕ್ಕಣೆ. "ಫಾರ್ಮಾಲಿಟಿ, ಸಹಿ ಹಾಕಿಬಿಡಿ" ಎಂದರು. ಹೊರಗೆ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ ಹೆಂಗಸರು ಸರದಿಯಲ್ಲಿ ನಿಂತಿದ್ದರು, ನನ್ನ ಕೈಯಲ್ಲಿ ನೋಟಿನ ಕಟ್ಟು. ಇಂಥ ಹೊತ್ತು ನೋಡಿಯೇ ಕಾಗದ ಬರುತ್ತದೆ. ಬಟವಾಡೆ ನಿಲ್ಲಿಸದೆ ಹಾಳೆಯನ್ನು ಚೆಕ್‌ರೋಲಿನ ಕೆಳಗೆ ಸರಿಸಿ, "ಸೋಮವಾರ" ಎಂದೆ. ಆಮೇಲೆ ಅದರ ಫೋಟೋ ತೆಗೆದುಕೊಂಡೆ. ಸೋಮವಾರ ಅದರ ಕೆಳಗೆ ಕೈಯಲ್ಲೇ ಬರೆದೆ: "ಪ್ರತಿ ತಲುಪಿದೆ. ಒಕ್ಕಣೆಗೆ ನನ್ನ ಒಪ್ಪಿಗೆ ಇಲ್ಲ. ಇಬ್ಬರೂ ನಿಂತು ತೂಕ ಮಾಡಬೇಕೆಂದು ಕೋರುತ್ತೇನೆ." ಅದರ ಅಡಿಯಲ್ಲಿ ಮಾತ್ರ ಸಹಿ.

ಕಾಫಿ ಒಣಗುವ ವಸ್ತು ಎಂಬುದನ್ನು ಲೆಕ್ಕ ಹಾಕುವವರು ಮರೆಯುತ್ತಾರೆ. ಕೊಯ್ಲಿನ ಪುಸ್ತಕದಲ್ಲಿ ಇರುವುದು ಹಸಿ ಹಣ್ಣಿನ ತೂಕ, ಕೊಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡಲಿಕ್ಕೆ ಬರೆದದ್ದು. ಅದೇ ಹಣ್ಣು ಕಣದಲ್ಲಿ ಒಣಗಿ ಚೆರಿಯಾದಾಗ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ಮೋಡ ಮುಸುಕಿದ ವಾರದಲ್ಲಿ ಒಂದು ತೂಕ, ಬಿಸಿಲು ಬಂದ ವಾರದಲ್ಲಿ ಇನ್ನೊಂದು. ಬುಧವಾರ ಒಂದೊಂದೇ ಚೀಲ ತೂಕಕ್ಕೆ ಇಟ್ಟೆವು, ನಾನು ಒಂದು ಹಾಳೆಯಲ್ಲಿ ಬರೆದೆ, ಮ್ಯಾನೇಜರ್ ಇನ್ನೊಂದರಲ್ಲಿ. ಹಣ್ಣಿನ ಸಿಪ್ಪೆ ಸುಲಿಯುವ ಹಳೆಯ ಪಲ್ಪರ್ ಶೆಡ್ಡಿನಲ್ಲಿ ಟಾರ್ಪಾಲಿನ ಅಡಿಯಲ್ಲಿ ಐವತ್ತು ಕಿಲೋದ ಹನ್ನೊಂದು ಚೀಲ ಇದ್ದವು. ಮಳೆ ಬಂದ ದಿನ ಅಲ್ಲಿಗೆ ಹೊತ್ತು ಹಾಕಿಸಿದ್ದವರು ಮ್ಯಾನೇಜರೇ. 550 ಕಿಲೋ ಅಲ್ಲೇ ಸಿಕ್ಕಿತು. ಉಳಿದ 90 ಕಿಲೋವನ್ನು ಒಣಗಿನ ವ್ಯತ್ಯಾಸ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಅವರು ಬೇಕೆಂದೇ ಹಾಗೆ ಮಾಡಿದರೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಬಿಟ್ಟು ಹೋಗುವವನ ತಲೆಗೆ ಕಟ್ಟುವುದು ಸುಲಭ, ಅಷ್ಟೆ.

ಕತ್ತಲಾದ ಮೇಲಿನ ಓಡಾಟಕ್ಕೆ ನಾನು ಖಡಾಖಂಡಿತ ಇಲ್ಲ ಎಂದೆ. ರಾತ್ರಿ ಎಂಟೂವರೆಗೆ ಸಿದ್ದಾಪುರದ ಕಡೆಯ ಇನ್ನೊಂದು ತೋಟದಿಂದ ಗೋಣಿಚೀಲ ತರಲು ಬೈಕಿನಲ್ಲಿ ಹೋಗು ಎಂದರೆ, ಆ ದಾರಿಯಲ್ಲಿ ಆನೆ ಎದುರಾದರೆ ನೋಟಿಸ್ ಅವಧಿ ಅಲ್ಲಿಗೇ ಮುಗಿಯುತ್ತದೆ. ಜೀವದ ಭಯಕ್ಕೆ ಕಾರಣ ಪತ್ರ ಬರೆಯಬೇಕಾಗಿಲ್ಲ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಜೆಗೂ ಜಗ್ಗಾಟವಾಯಿತು. ಕದಿರು ತೆಗೆಯುವ ದಿನ ಮನೆಯಲ್ಲಿ ಇರದೆ ಇದ್ದರೆ ನನ್ನ ತಾಯಿ ವರ್ಷವಿಡೀ ಹೇಳಿಕೊಂಡು ತಿರುಗುತ್ತಾರೆ. "ನೋಟಿಸಿನಲ್ಲಿ ರಜೆ ಇಲ್ಲ" ಎಂದು ತೋಟದಲ್ಲಿ ಹೇಳಿದರು. ನನ್ನ ಪತ್ರದಲ್ಲಿ ಹಾಗೆ ಎಲ್ಲೂ ಇರಲಿಲ್ಲ. ಹಕ್ಕಿನ ಮಾತು ತೆಗೆಯದೆ ಆ ನಾಲ್ಕು ಭಾನುವಾರಗಳಲ್ಲಿ ಎರಡನ್ನು ಬದಲಿಗೆ ಕೇಳಿದೆ, ಸಿಕ್ಕಿತು. ಚೆಕ್‌ರೋಲ್ ಇದ್ದದ್ದರಿಂದ ತಾರೀಕು ತೋರಿಸಲು ಆಯಿತು.

ನಿಮ್ಮ ಮೊಬೈಲ್ ನಂಬರನ್ನು ಬಿಡಿಸಿಕೊಳ್ಳುವುದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ತೋಟದ ಬ್ಯಾಂಕ್ ಖಾತೆ, ಪಿಎಫ್, ಜಿಎಸ್‌ಟಿ ಎಲ್ಲದರ ಒಟಿಪಿ ನನ್ನ ಫೋನಿಗೇ ಬರುತ್ತಿತ್ತು. ಹೀಗೇ ಬಿಟ್ಟರೆ ವರ್ಷ ಕಳೆದರೂ ನೀವು ಸಂಬಳವಿಲ್ಲದ ರೈಟರ್. ನಂಬರ್ ಬದಲಿಸಲು ಸಾಹುಕಾರರ ಸಹಿ ಬೇಕು, ಬ್ಯಾಂಕಿಗೆ ಎರಡು ಸಲ ಹೋಗಬೇಕು. ಮೊದಲ ಹದಿನೈದು ದಿನದಲ್ಲೇ ಮುಗಿಸಿ. ಕೊನೆಯ ಹದಿನೈದು ದಿನ ನಗದು ಮುಟ್ಟದೆ ಇದ್ದರೆ ಇನ್ನೂ ಒಳ್ಳೆಯದು. ನಾನು ಎರಡು ಬಟವಾಡೆಯನ್ನು ಹೊಸ ಹುಡುಗನ ಕೈಯಿಂದಲೇ ಮಾಡಿಸಿ ಪಕ್ಕದಲ್ಲಿ ನಿಂತೆ.

ಆ ಹುಡುಗ ಬಂದದ್ದೇ ಡಿಸೆಂಬರ್ 18ಕ್ಕೆ. "ಅವನಿಗೆ ಕಲಿಸಿ ಹೋಗು" ಎಂಬ ಮಾತು ನವೆಂಬರಿನಿಂದ ನಡೆದಿತ್ತು, ಹುಡುಗನೇ ಇರಲಿಲ್ಲ. ಕಾಯುತ್ತ ಕೂರದೆ ಹಸ್ತಾಂತರದ ಪಟ್ಟಿ ಬರೆದಿಟ್ಟಿದ್ದೆ: ಯಾವ ಬೀಗಕ್ಕೆ ಯಾವ ಕೀಲಿ, ಯಾವ ಕಪಾಟಿನಲ್ಲಿ ಯಾವ ವರ್ಷದ ಕಡತ, ಡೀಸೆಲ್ ಬಾಕಿ ಯಾರಿಗೆ, ಯಾವ ಕೆಲಸಗಾರನ ಮುಂಗಡ ಎಷ್ಟು. ಹತ್ತು ಪುಟವಾಯಿತು. ಹುಡುಗ ಅದನ್ನು ನೋಡಿ, "ಅಣ್ಣ, ಇದನ್ನೆಲ್ಲ ಓದಬೇಕಾ?" ಎಂದ.

ಕ್ವಾರ್ಟರ್ಸಿನಲ್ಲಿ ಇರುವವರು ಮನೆಯ ಮಾತನ್ನು ಕೆಲಸದ ಮಾತಿನ ಜೊತೆ ಬೆರೆಸಲು ಬಿಡಬೇಡಿ. ಮಗಳ ಪರೀಕ್ಷೆ ಮುಗಿಯುವ ತನಕ ಮನೆ ಕೇಳಿದೆ. "ಮನೆ ಬೇಕಿದ್ದರೆ ಕೆಲಸವೂ ಮಾಡು" ಎಂದರು. ಅಲ್ಲಿಗೆ ಸುಮ್ಮನಾಗಿ ಗುಡ್ಡೆಹೊಸೂರಿನಲ್ಲಿ ಬಾಡಿಗೆ ಮನೆ ಹಿಡಿದೆ. ಮಗಳು ಈಗ ಬಸ್ಸಿನಲ್ಲಿ ಸುಂಟಿಕೊಪ್ಪದ ಶಾಲೆಗೆ ಹೋಗುತ್ತಾಳೆ.

ದುಡ್ಡಿನ ಲೆಕ್ಕವನ್ನು ನೀವೇ ಹಾಕಿಟ್ಟುಕೊಳ್ಳಿ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಇದೆ: ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ವರ್ಷಗಳಿಂದ ಗುಣಿಸಿ. 18,000 ರೂಪಾಯಿಗೆ ಹನ್ನೊಂದು ವರ್ಷಕ್ಕೆ 1,14,231 ರೂಪಾಯಿ. ಇದನ್ನು 30 ದಿನದ ಒಳಗೆ ಕೊಡಬೇಕು. ಕೊನೆಯ ಸಂಬಳಕ್ಕೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ, ಎರಡು ಕೆಲಸದ ದಿನಗಳ ಗಡುವು ಇದೆ. ಕೊಡದಿದ್ದರೆ ಮಡಿಕೇರಿಯಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇದೆ. ಪಿಎಫ್ ಹಣ ತೆಗೆಯಬೇಡಿ, ಹೊಸ ಕಡೆಗೆ ವರ್ಗಾಯಿಸಿ. ಹತ್ತು ವರ್ಷದ ಸೇವೆ ಇದ್ದರೆ ಮುಂದೆ ಪಿಂಚಣಿ ಬರುತ್ತದೆ. ಕೆಲಸ ಬಿಟ್ಟ ತಾರೀಕನ್ನು ಅವರು ನಮೂದಿಸದಿದ್ದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಪೋರ್ಟಲಿನಲ್ಲಿ ನೀವೇ ಹಾಕಬಹುದು. ನನ್ನ ತಲೆಯ ಮೇಲಿದ್ದ ಮುಂಗಡ 12,000 ರೂಪಾಯಿಯನ್ನು ನಾನೇ ಮೊದಲು ಹೇಳಿ ಕಳೆಯಿಸಿದೆ.

30ರ ಸಂಜೆ ಕೀಲಿಗೊಂಚಲು ಎಣಿಸಿ ಕೊಟ್ಟು ಪಟ್ಟಿಯ ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಂಡೆ. ಆಮೇಲೂ ಕರೆ ಬರುತ್ತವೆ. ಸಂಜೆ ಆರರಿಂದ ಆರೂವರೆ ಎಂದು ಹೊತ್ತು ಹೇಳಿ, ಫೋನಿನಲ್ಲಿ ಮುಗಿಯುವುದಕ್ಕೆ ಮಾತ್ರ ಉತ್ತರಿಸಿದೆ. ಜನವರಿಯಲ್ಲಿ ಏಳೆಂಟು ಕರೆ ಬಂದವು. ಫೆಬ್ರವರಿಯಲ್ಲಿ ಒಂದೇ: ತೂಕದ ಯಂತ್ರದ ಚಾರ್ಜರ್ ಎಲ್ಲಿದೆ ಅಣ್ಣ ಎಂದು ಹುಡುಗ ಕೇಳಿದ. ಕಿಟಕಿಯ ಪಕ್ಕದ ಮೊಳೆಯಲ್ಲಿ ಎಂದೆ. ಏಳನೆಯ ಪುಟದಲ್ಲಿ ಅದೂ ಇತ್ತು.