ಕೊಡಗಿನ ಆಲ್‌ರೌಂಡರ್ ಹುಡುಗ್ರು ಮೊದ್ಲ ನಾಲ್ಕು ವರ್ಷ ಬೆನ್ನು ಮುರ್ಕೊಳ್ದೆ ಆಡೋದು ಹೇಗೆ

ನಿಮ್ಮ ಹುಡುಗ ಬ್ಯಾಟಿಂಗೂ ಮಾಡ್ತಾನೆ, ಫಾಸ್ಟ್ ಬೌಲಿಂಗೂ ಹಾಕ್ತಾನೆ ಅಂದ್ರೆ ಊರಿಗೆಲ್ಲ ಖುಷಿ, ಒಬ್ಬನ ಬಸ್ ಚಾರ್ಜಲ್ಲಿ ಇಬ್ರು ಪ್ಲೇಯರ್ ಸಿಕ್ದಂಗಲ್ವಾ. ಆದ್ರೆ ನೆಟ್ಸಲ್ಲಿ ಏನಾಗುತ್ತೆ ಒಂದಿನ ಹೋಗಿ ನೋಡಿ. ಬ್ಯಾಟ್ಸ್‌ಮನ್‌ಗಳು ಒಬ್ರಾದ್ಮೇಲೆ ಒಬ್ರು ಆಡಿ ಪ್ಯಾಡ್ ಬಿಚ್ತಾರೆ, ನಿಮ್ಮೋನು ಎಲ್ರಿಗೂ ಬೌಲ್ ಹಾಕ್ತಾನೇ ಇರ್ತಾನೆ, ಕೊನೆಗೆ ಅವ್ನ ಬ್ಯಾಟಿಂಗ್ ಪಾಳಿ ಬರೋ ಹೊತ್ಗೆ ಮಂಜು ಇಳಿದು ಬಾಲ್ ಕಾಣಲ್ಲ, ಹತ್ತು ಬಾಲ್ ಆಡಿ ಮನೆಗೆ. ಹಾಗಾಗಿ ಕೋಚ್ ಹತ್ರ ನಾಚ್ಕೆ ಬಿಟ್ಟು ಕೇಳಿ, ಇವ್ನು ಮೊದ್ಲು ಬ್ಯಾಟಿಂಗ್ ಮಾಡ್ಲಿ ಸಾರ್, ಆಮೇಲೆ ಬೌಲಿಂಗ್ ಹಾಕ್ತಾನೆ ಅಂತ.

ಎರಡ್ನೇದು ನೋಟ್‌ಬುಕ್. ಕಾಫಿ ಕುಯ್ಲಲ್ಲಿ ಯಾರು ಎಷ್ಟು ಕೆಜಿ ಕುಯ್ದ್ರು ಅಂತ ಸಂಜೆ ತೂಕ ಹಾಕಿ ಬರ್ಕೊಳ್ತೀವಲ್ಲ, ಅದೇ ತರ ಪುಸ್ತಕದಲ್ಲಿ ದಿನಾ ಎಷ್ಟು ಬಾಲ್ ಹಾಕ್ದ ಅಂತ ಬರೀರಿ. ಮ್ಯಾಚ್ ಓವರ್ ಮಾತ್ರ ಅಲ್ಲ, ನೆಟ್ಸಿಂದೂ, ಸ್ಕೂಲಿಂದೂ, ಭಾನುವಾರದ ಕುಟುಂಬ ಟೂರ್ನಿದೂ, ಟೆನಿಸ್ ಬಾಲ್ ಆದ್ರೂ ಸೈ. ಇಂಗ್ಲೆಂಡ್ ಕ್ರಿಕೆಟ್ ಬೋರ್ಡ್ ಹುಡುಗ್ರಿಗೆ ಒಂದು ಲೆಕ್ಕ ಇಟ್ಟಿದೆ, ನಾನು ಅದನ್ನೇ ಫಾಲೋ ಮಾಡ್ಸೋದು: 13ರ ಒಳಗಿನ ಫಾಸ್ಟ್ ಬೌಲರ್‌ಗೆ ಒಂದು ಸ್ಪೆಲ್‌ಗೆ, ಅಂದ್ರೆ ರೆಸ್ಟ್ ತಗೊಳ್ದೆ ಒಂದೇ ಸಲಕ್ಕೆ, 5 ಓವರ್, ದಿನಕ್ಕೆ 10. 14, 15ರೊಳಗಿನೋರಿಗೆ 6 ಮತ್ತೆ 12. ಅಲ್ಲಿಂದ 19ರವರೆಗೂ 7 ಮತ್ತೆ 18. ಇದು ಮ್ಯಾಕ್ಸಿಮಮ್, ಇಷ್ಟು ಹಾಕ್ಲೇಬೇಕು ಅಂತ ಅಲ್ಲ.

ಈ ಪುಸ್ತಕದ ಬುದ್ಧಿ ನಂಗೆ ಬಂದಿದ್ದು ಕೆಟ್ಟ ಮೇಲೆ. 17ನೇ ವಯಸ್ಸಲ್ಲಿ ಶನಿವಾರ ಸ್ಕೂಲ್ ಮ್ಯಾಚ್, ಭಾನುವಾರ ಊರ ಟೂರ್ನಿ, ಸೋಮವಾರ ಬೆಳಿಗ್ಗೆ ಬಸ್ ಹತ್ತಿ ಮೈಸೂರಲ್ಲಿ ನೆಟ್ಸ್. ಏಪ್ರಿಲ್ ಪೂರ್ತಿ ಹಿಂಗೇ. ಎಡಗಡೆ ಸೊಂಟದ ಮೇಲೆ ಒಂದೇ ಜಾಗದಲ್ಲಿ ಚುಚ್ಚೋಕೆ ಶುರುವಾಯ್ತು, ನಾನು ಬಲಗೈ ಬೌಲರ್. ಮನೇಲಿ ಉಳುಕು ಅಂದ್ರು, ಎಣ್ಣೆ ತಿಕ್ಕಿದ್ರು, ಟೀಮಲ್ಲಿ ಫೈನಲ್ ಒಂದು ಆಡ್ಬಿಡು ಅಂದ್ರು, ಆಡ್ದೆ. ಎಕ್ಸ್‌ರೇಲಿ ಏನೂ ಕಾಣ್ಲಿಲ್ಲ, ಎಂಆರ್‌ಐ ಮಾಡ್ಸಿದ್ಮೇಲೆ ಗೊತ್ತಾಯ್ತು ಸ್ಟ್ರೆಸ್ ಫ್ರ್ಯಾಕ್ಚರ್ ಅಂತ, ಅಂದ್ರೆ ಒಂದೇ ಜಾಗಕ್ಕೆ ಹೊಡೆತ ಬಿದ್ದು ಬಿದ್ದು ಮೂಳೇಲಿ ಸಣ್ಣ ಬಿರುಕು, ಅಷ್ಟೊತ್ಗೆ ಸೆಲೆಕ್ಷನ್ ಮುಗ್ದಿತ್ತು. ಯುವ ಫಾಸ್ಟ್ ಬೌಲರ್‌ಗಳಿಗೆ ಇದು ಬೌಲಿಂಗ್ ಕೈಯ ವಿರುದ್ಧ ಬದಿಗೇ ಜಾಸ್ತಿ ಬರೋದು. ಒಂಟಿ ಕಾಲಲ್ಲಿ ನಿಂತು ನಿಧಾನಕ್ಕೆ ಹಿಂದಕ್ಕೆ ಬಾಗಿದಾಗ ಆ ಜಾಗ ನೋವಾದ್ರೆ ಬೌಲಿಂಗ್ ಅವತ್ತೇ ನಿಲ್ಸಿ, ಸ್ಪೋರ್ಟ್ಸ್ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಎಣ್ಣೆ ಬೇಡ ಪ್ಲೀಸ್.

ಬೌಲಿಂಗ್ ನಿಂತ್ರೆ ಕೆರಿಯರ್ ಮುಗೀತು ಅನ್ಕೋಬೇಡಿ. ಆಸ್ಟ್ರೇಲಿಯಾದ ಕ್ಯಾಮರಾನ್ ಗ್ರೀನ್ 17ನೇ ವಯಸ್ಸಲ್ಲಿ ಫಸ್ಟ್ ಕ್ಲಾಸ್‌ಗೆ ಬಂದು ಮೊದ್ಲ ಇನ್ನಿಂಗ್ಸಲ್ಲೇ 5 ವಿಕೆಟ್ ತೆಗ್ದೋನು, ಆಮೇಲೆ ಬೆನ್ನಿಗೆ ಮತ್ತೆ ಮತ್ತೆ ಸ್ಟ್ರೆಸ್ ಫ್ರ್ಯಾಕ್ಚರ್. ಬೌಲಿಂಗ್‌ಗೆ ಕಟ್ಟು ಹಾಕ್ದಾಗ ರನ್ ಹೊಡ್ದ, 2020ರ ಡಿಸೆಂಬರಲ್ಲಿ ನಮ್ಮ ಮೇಲೆ ಅಡಿಲೇಡಲ್ಲಿ ಟೆಸ್ಟ್‌ಗೂ ಬಂದ. ಅದಕ್ಕೇ ನಾನು ಹೇಳೋದು, ಎರಡ್ರಲ್ಲಿ ಒಂದು ಕೆಲ್ಸ ಅದೊಂದ್ರ ಮೇಲೇ ಟೀಮ್ ಸೇರೋ ಅಷ್ಟು ಗಟ್ಟಿ ಇರ್ಬೇಕು. ಯಾವ್ದು ಅಂತ 15ಕ್ಕೇ ತೀರ್ಮಾನ ಮಾಡೋದು ಬೇಡ, ಹಾರ್ದಿಕ್ ಪಾಂಡ್ಯ ಹದಿನೆಂಟರ ತನಕ ಲೆಗ್ ಸ್ಪಿನ್ ಹಾಕ್ತಿದ್ದ, ಆಗ ಬರೋಡಾ ಕೋಚ್ ಆಗಿದ್ದ ನಮ್ಮ ಕರ್ನಾಟಕದ ಸನತ್ ಕುಮಾರ್ ಫಾಸ್ಟ್ ಹಾಕ್ಸಿದ್ದು. ನಮ್ಮ ಕರ್ನಾಟಕದ ಆಲ್‌ರೌಂಡರ್ ರೋಜರ್ ಬಿನ್ನಿನೇ ನೋಡಿ, 1977-78ರಲ್ಲಿ ಇಲ್ಲೇ ಪಕ್ಕದ ಚಿಕ್ಕಮಗಳೂರಲ್ಲಿ ಕೇರಳದ ಮೇಲೆ ಓಪನಿಂಗ್ ಬಂದು 211 ನಾಟೌಟ್, ಸಂಜಯ್ ದೇಸಾಯಿ ಜೊತೆ 451 ರನ್, ವಿಕೆಟ್ಟೇ ಬೀಳ್ಲಿಲ್ಲ. 1983ರ ವಿಶ್ವಕಪ್ಪಲ್ಲಿ ನೋಡಿದ್ರೆ 18 ವಿಕೆಟ್, ಟೂರ್ನಿಯಲ್ಲೇ ಹೈಯೆಸ್ಟ್.

ಈಗ ಐಪಿಎಲ್ಲಲ್ಲಿ 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ರೂಲ್ ಬೇರೆ ಬಂದಿದೆ, ಮ್ಯಾಚ್ ಮಧ್ಯೆ ಒಬ್ಬನನ್ನ ತೆಗ್ದು ಇನ್ನೊಬ್ಬನನ್ನ ಇಳಿಸ್ಬೋದು, ಅರ್ಧ ಬ್ಯಾಟಿಂಗ್ ಅರ್ಧ ಬೌಲಿಂಗ್ ಅನ್ನೋನಿಗೆ ಇನ್ನೂ ಕಷ್ಟ.

ಮಳೆಗಾಲ ನಮ್ಮ ದೊಡ್ಡ ತಲೆನೋವು, ಜೂನಿಂದ ಸೆಪ್ಟೆಂಬರ್ ಗ್ರೌಂಡ್ ಮುಖ ನೋಡಂಗಿಲ್ಲ. ನಾವು ಮಾಡೋದು ಇದು: ಕಾಫಿ ಮಾರಿದ್ಮೇಲೆ ಗೋಡೌನ್ ಖಾಲಿ ಇರುತ್ತಲ್ಲ, ಒಂದು ಬದಿಗೆ ಹಳೇ ಗೋಣಿಚೀಲ ಹೊಲ್ದು ಪರದೆ ಕಟ್ಟಿ, ಹದಿನೈದು ಹೆಜ್ಜೆ ದೂರದಿಂದ ಥ್ರೋಡೌನ್, ಅಂದ್ರೆ ಬೌಲಿಂಗ್ ಬದ್ಲು ಕೈಯಲ್ಲಿ ಬಾಲ್ ಎಸೆದು ಬ್ಯಾಟಿಂಗ್ ಮಾಡ್ಸೋದು. ಸಿಮೆಂಟ್ ನೆಲದಲ್ಲಿ ಬಾಲ್ ಜಾರ್ಕೊಂಡು ಬೇಗ ಬರುತ್ತೆ, ಬ್ಯಾಕ್‌ಫುಟ್ ಆಟ ತಾನಾಗೇ ಸರಿ ಹೋಗುತ್ತೆ. ಆದ್ರೆ ಅದೇ ಸಿಮೆಂಟ್ ಮೇಲೆ ಓಡ್ಬಂದು ಫುಲ್ ಸ್ಪೀಡಲ್ಲಿ ಬೌಲಿಂಗ್ ಹಾಕ್ಸ್‌ಬೇಡಿ, ಬೆನ್ನಿಗೆ ಹೊಡೆತ. ಮಳೆ ಬಿಟ್ಟ ತಕ್ಷಣ ಖುಷಿಲಿ ಒಂದೇ ದಿನ ಹತ್ತು ಓವರ್ ಹಾಕೋದೂ ಅಷ್ಟೇ ಅಪಾಯ, ನಾನು ಮೊದ್ಲ ವಾರ ದಿನ ಬಿಟ್ಟು ದಿನ 24 ಬಾಲ್, ಆಮೇಲೆ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರ್ಸ್ತೀನಿ. ಹಾಕಿನೂ ಆಡೋ ಹುಡುಗ ಆದ್ರೆ, ಕೊಡಗಲ್ಲಿ ಯಾರು ಆಡಲ್ಲ ಹೇಳಿ, ಬಗ್ಗಿ ಆಡಿದ್ದೂ ಸೊಂಟಕ್ಕೇ ಬೀಳೋದು, ಎರಡನ್ನೂ ಒಂದೇ ದಿನ ಇಡ್ಬೇಡಿ.

ದುಡ್ಡಿನ ವಿಷ್ಯ ಕೇಳೇ ಕೇಳ್ತಾರೆ. 2021ರಲ್ಲಿ ಬಿಸಿಸಿಐ ಮ್ಯಾಚ್ ಫೀಸ್ ಏರ್ಸಿದಾಗ ಸ್ಟೇಟ್ ಅಂಡರ್ 19ಗೆ 20,000, ಅಂಡರ್ 23ಗೆ 25,000 ಮಾಡ್ತು. ಅಲ್ಲಿಗೆ ಮುಟ್ಟೋವರೆಗೂ ಕಿಟ್ಟು, ಶೂಸು, ಮೈಸೂರಿನ ಬಸ್ಸು ಎಲ್ಲ ಅಪ್ಪನ ಜೇಬಿಂದೇ. ಬ್ಯಾಟ್‌ಗಿಂತ ಮೊದ್ಲು ಒಳ್ಳೆ ಬೌಲಿಂಗ್ ಶೂಸ್‌ಗೆ ಖರ್ಚು ಮಾಡಿ, ಬ್ಯಾಟ್ ಸೀನಿಯರ್ ಹತ್ರ ಸೆಕೆಂಡ್ ಹ್ಯಾಂಡ್ ಸಿಗುತ್ತೆ.

ಟ್ರಯಲ್ಸ್‌ಗೆ ಹೋಗೋವಾಗ ಜನನ ಪ್ರಮಾಣಪತ್ರದ ಒರಿಜಿನಲ್ ಇಟ್ಕೊಳ್ಳಿ. ಏನು ಆಡ್ತೀಯ ಅಂತ ಕೇಳಿದಾಗ ನಮ್ಮ ಹುಡುಗ್ರು ಜಂಬದಲ್ಲಿ ಆಲ್‌ರೌಂಡರ್ ಸಾರ್ ಅಂತಾರೆ, ಅಲ್ಲಿ ನೂರು ಜನ ಅದನ್ನೇ ಹೇಳಿರ್ತಾರೆ. ಗಟ್ಟಿ ಇರೋದನ್ನ ಮೊದ್ಲು ಹೇಳ್ಬೇಕು, ಬೌಲರ್ ಸಾರ್, ಬ್ಯಾಟಿಂಗೂ ಬರುತ್ತೆ ಅಂತ. ಹಿಂದಿನ ದಿನವೇ ಹೋಗಿ ನೆಂಟ್ರ ಮನೇಲಿ ಉಳ್ಕೊಳ್ಳಿ, ಮಡಿಕೇರಿಯಿಂದ ಮೈಸೂರಿಗೆ ಮೂರು ಗಂಟೆ ಬಸ್ಸಲ್ಲಿ ಮುದುರ್ಕೊಂಡು ಕೂತು ಇಳಿದ ತಕ್ಷಣ ಹೊಸ ಬಾಲ್ ಕೊಟ್ರೆ ಸೊಂಟ ತಿರುಗಲ್ಲ.