ಪೆಡಲ್ ಗಟ್ಟಿ, ಗಾಡಿ ಮಾತ್ರ ನಿಲ್ಲಲ್ಲ: ಹಳೆ ಸೆಲಿಕಾದ ಬ್ರೇಕ್ ಸರಿ ಮಾಡಿದ ನನ್ನ ಅನುಭವ

ನನ್ನ ಹತ್ತಿರ ಇರುವುದು 1990ರ ದಶಕದ ಟೊಯೋಟಾ ಸೆಲಿಕಾ. ಎರಡು ಬಾಗಿಲಿನ ಕೂಪೆ, ಎರಡು ಲೀಟರ್ ಪೆಟ್ರೋಲ್ ಎಂಜಿನ್. ನಮ್ಮ ಶೋರೂಮುಗಳಲ್ಲಿ ಮಾರಿದ ಗಾಡಿ ಅಲ್ಲ, ಹೊರಗಿನಿಂದ ಬಂದದ್ದು. ಹಾಗಾಗಿ ಒಂದು ಸಣ್ಣ ರಬ್ಬರ್ ಬುಷ್ ಬೇಕಾದರೂ ಹುಡುಕಾಟ ತಪ್ಪಿದ್ದಲ್ಲ. ಹದಿನೈದು ವರ್ಷ ದಾಟಿರುವುದರಿಂದ ಐದು ವರ್ಷಕ್ಕೊಮ್ಮೆ ಆರ್‌ಟಿಒಗೆ ಒಯ್ದು ಆರ್‌ಸಿ ನವೀಕರಿಸಬೇಕು, ಪರ್ಯಾವರಣ ಕರ (ಪರಿಸರ ತೆರಿಗೆ) ಕಟ್ಟಬೇಕು. ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಗಾಡಿಯ ಬ್ರೇಕನ್ನೇ ನಂಬಲಾಗದಿದ್ದರೆ ಹೇಗೆ?

ಪುಣೆಯೊಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಕೋಥ್ರೂಡಿನ ಟ್ರಾಫಿಕ್‌ನಲ್ಲಿ ಮೂವತ್ತರ ಮೇಲೆ ಹೋಗುವುದೇ ಅಪರೂಪ, ಅಲ್ಲಿ ಎಂಥ ಬ್ರೇಕ್ ಆದರೂ ನಡೆಯುತ್ತದೆ. ಬೆಳಗಾವಿ ಕಡೆ ಊರಿಗೆ ಹೊರಟು ಖಂಬಾಟಕಿ ಘಾಟ್ ಇಳಿಯುವಾಗ ಬಣ್ಣ ಬಯಲಾಗುತ್ತಿತ್ತು. ಪೆಡಲ್ ಗಟ್ಟಿ. ಕಾಲು ಎಷ್ಟು ಒತ್ತಿದರೂ ಗಾಡಿ ತನ್ನ ಪಾಡಿಗೆ ಮೆಲ್ಲಗೆ ವೇಗ ಇಳಿಸುತ್ತಿತ್ತು. ಮುಂದೆ ಲಾರಿ ಇದ್ದರೆ ಹೊಟ್ಟೆಯಲ್ಲಿ ಕಸಿವಿಸಿ.

ಗೆಳೆಯರ ಸಲಹೆ ಒಂದೇ: ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಾಕಿಸು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಈ ಗಾಡಿಗೆ ಮುಂದೆ ಗಾಳಿಯಾಡುವ ಡಿಸ್ಕ್ ಇದೆ, ಹಿಂದೆಯೂ ಡಿಸ್ಕ್ ಇದೆ. ಹೊಸದಿದ್ದಾಗ ಇದೇ ಬ್ರೇಕ್ ಇದೇ ತೂಕವನ್ನು ಚೆನ್ನಾಗಿ ನಿಲ್ಲಿಸುತ್ತಿತ್ತು. ಈಗ ನಿಲ್ಲಿಸುತ್ತಿಲ್ಲ ಅಂದರೆ ಯಾವುದೋ ಒಂದು ಕೆಲಸ ಬಿಟ್ಟಿದೆ. ಅದನ್ನು ಹುಡುಕದೆ ಮೇಲೆ ಹೊಸದು ಹೇರಿದರೆ ದುಡ್ಡು ದಂಡ, ರೋಗ ಅಲ್ಲೇ.

ಮೊದಲು ತಿಳಿಯಬೇಕಾಗಿದ್ದು, ಬ್ರೇಕ್ ನಿಜವಾಗಿ ದುರ್ಬಲವೋ ಅಥವಾ ಟಯರ್ ಹಿಡಿತ ಕಡಿಮೆಯೋ ಎಂಬುದು. ಇದಕ್ಕೆ ಸುಲಭದ ಪರೀಕ್ಷೆ ಇದೆ. ಒಣಗಿದ, ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 50ರ ವೇಗದಿಂದ ಪೆಡಲನ್ನು ಪೂರ್ತಿ ಒತ್ತಬೇಕು. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದು ಕಾಲಿಗೆ ಗಡಗಡ ಅನ್ನಬೇಕು, ಇಲ್ಲದಿದ್ದರೆ ಚಕ್ರ ಲಾಕ್ ಆಗಬೇಕು. ಹಾಗಾದರೆ ಬ್ರೇಕಿನ ಬಲ ಟಯರ್ ತಾಳುವಷ್ಟಿದೆ ಎಂದರ್ಥ, ಆಮೇಲೆ ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಆ ಒಂದು ನಿಲುಗಡೆ ಚಿಕ್ಕದಾಗಲ್ಲ. ನನ್ನ ಗಾಡಿಯಲ್ಲಿ ಎಬಿಎಸ್ ಇದೆ. ಎಷ್ಟು ಒತ್ತಿದರೂ ಅದು ಸುಮ್ನೆ ಕೂತಿತ್ತು. ಅಂದರೆ ದೋಷ ಬ್ರೇಕಿನದ್ದೇ.

ಮುಂದಿನದನ್ನು ಕಾಲೇ ಹೇಳುತ್ತದೆ. ಪೆಡಲ್ ಮೆತ್ತಗೆ, ಸ್ಪಂಜಿನ ಹಾಗಿದ್ದರೆ ಲೈನಿನಲ್ಲಿ ಏರ್ ಇದೆ, ಇಲ್ಲವೇ ಹಳೆ ರಬ್ಬರ್ ಹೋಸ್ ಉಬ್ಬುತ್ತಿದೆ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ. ನನ್ನದು ಇವೆರಡೂ ಅಲ್ಲ. ಧನಕವಡಿಯಲ್ಲಿ ಗ್ಯಾರೇಜ್ ಇಟ್ಟಿರುವ ಕಾಕಾ ಒಬ್ಬರಿದ್ದಾರೆ, ಜಮಖಂಡಿ ಕಡೆಯವರು. ಸೀಟಿನಲ್ಲಿ ಕೂತು ಪೆಡಲ್ ಒತ್ತಿ ನೋಡಿ ಅಷ್ಟಕ್ಕೇ ಇಳಿದರು. "ತಮ್ಮಾ, ಪೆಡಲ್ ಗಟ್ಟಿ ಐತಿ ಅಂದ್ರ ಆಯಿಲ್ ಕಡೆ ಆಮ್ಯಾಲ ನೋಡೂಣು. ಮೊದಲ ಬೂಸ್ಟರ್ ನೋಡು" ಅಂದರು.

ಬೂಸ್ಟರ್ ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಲ ಒಂದು ಹೋಸ್ ಮೂಲಕ ಬೂಸ್ಟರಿಗೆ ತಲುಪಿ ನಮ್ಮ ಕಾಲಿನ ಒತ್ತಡವನ್ನು ಹೆಚ್ಚಿಸುತ್ತದೆ. ಪರೀಕ್ಷೆ ಮಾಡಲು ಸಾಮಾನು ಏನೂ ಬೇಡ. ಎಂಜಿನ್ ಬಂದ್ ಮಾಡಿ ಪೆಡಲನ್ನು ಗಟ್ಟಿ ಆಗುವ ತನಕ ಒತ್ತಿ ಬಿಟ್ಟು ಮಾಡಬೇಕು. ಆಮೇಲೆ ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಬೇಕು. ಕಾಲಿನ ಕೆಳಗೆ ಪೆಡಲ್ ಸ್ವಲ್ಪ ಇಳಿದರೆ ಬೂಸ್ಟರ್ ಜೀವಂತ. ಇನ್ನೊಂದು: ಎಂಜಿನ್ ಓಡಿಸಿ, ಬಂದ್ ಮಾಡಿ, ಕೆಲವು ನಿಮಿಷ ಬಿಟ್ಟು ಒತ್ತಬೇಕು. ಮೊದಲ ಒತ್ತು ಹಗುರ ಇರಬೇಕು, ಎರಡನೆಯದು, ಮೂರನೆಯದು ಬರಬರುತ್ತಾ ಗಟ್ಟಿ ಆಗಬೇಕು. ನನ್ನದರಲ್ಲಿ ಮೊದಲ ಪರೀಕ್ಷೆಗೆ ಪೆಡಲ್ ತುಸು ಇಳಿಯಿತು. ಎರಡನೆಯದರಲ್ಲಿ ಮೊದಲ ಒತ್ತೇ ಗಟ್ಟಿ. ಬೂಸ್ಟರ್ ಪೂರ್ತಿ ಸತ್ತಿಲ್ಲ, ಆದರೆ ನಿರ್ವಾತ ಅಲ್ಲಿ ನಿಲ್ಲುತ್ತಿಲ್ಲ.

ವ್ಯಾಕ್ಯೂಮ್ ಗೇಜ್ ಹಾಕಿ ನೋಡಿದೆ. ಇಲ್ಲಿ ಒಂದು ವಿಷಯ ಪುಣೆಯವರಿಗೆ ಬೇಕು. ಒಳ್ಳೆ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ 18ರಿಂದ 22 ಇಂಚು (ಪಾದರಸದ ಲೆಕ್ಕ) ತೋರಿಸಬೇಕು ಅಂತ ಪುಸ್ತಕಗಳಲ್ಲಿ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಕಡಿಮೆ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಎರಡು ಇಂಚಿನ ಹತ್ತಿರ ಬಿಡಬೇಕು. ನನ್ನ ಎಂಜಿನ್ನಿನ ಬಾಯಲ್ಲಿ 17 ಬಂತು, ಚಿಂತೆ ಇಲ್ಲ. ಹೋಸಿನ ಇನ್ನೊಂದು ತುದಿ, ಬೂಸ್ಟರ್ ಕಡೆ, ಅಷ್ಟು ಬರಲಿಲ್ಲ. ಎಂಜಿನ್ ಬಂದ್ ಮಾಡಿದ ತಕ್ಷಣ ಮುಳ್ಳು ಸರ್ರನೆ ಸೊನ್ನೆಗೆ ಬಂತು. ಹೋಸ್ ಕ್ಲಿಪ್ಪಿನ ಕೆಳಗೆ ಸೀಳಿತ್ತು, ನಡುವೆ ಇರುವ ಚೆಕ್ ವಾಲ್ವ್ ಎರಡೂ ಕಡೆ ಊದಿದರೆ ಗಾಳಿ ಬಿಡುತ್ತಿತ್ತು. ಒಂದೇ ಕಡೆ ಬಿಡಬೇಕು ಅದು.

ಎರಡನ್ನೂ ಬದಲಿಸಿದೆ. ಖರ್ಚು ಜಾಸ್ತಿ ಅಲ್ಲ. ಆದರೆ ಹೋಸ್ ಕೊಳ್ಳುವಾಗ ಎಚ್ಚರ. ನೀರಿನದೋ ಪೆಟ್ರೋಲಿನದೋ ಪೈಪ್ ಕತ್ತರಿಸಿ ಕೊಡುತ್ತಾರೆ, ಬಿಸಿಯಾದಾಗ ಅದು ಒಳಗೆ ಚಪ್ಪಟೆ ಆಗಿಬಿಡಬಹುದು. ಬ್ರೇಕ್ ಬೂಸ್ಟರಿನದೇ ದಪ್ಪ ಹೋಸ್ ಕೇಳಿ. ವಾಲ್ವಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆ ಇರಬೇಕು.

ಪೆಡಲ್ ಹಗುರ ಆಯಿತು. ಬ್ರೇಕ್ ಅರ್ಧ ಸರಿ ಆಯಿತು. ಇಷ್ಟು ಹೊತ್ತು ಅಡಗಿದ್ದ ಇನ್ನೊಂದು ಕಾಯಿಲೆ ಈಗ ಎದ್ದಿತು: ಜೋರಾಗಿ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಎಡಕ್ಕೆ ಎಳೆದರೆ ಸಾಮಾನ್ಯವಾಗಿ ಬಲಗಡೆಯದು ಕೆಲಸ ಮಾಡುತ್ತಿಲ್ಲ ಎಂದರ್ಥ. ಅನುಮಾನ ಬೇಡ ಅಂತ ಸಿಂಹಗಡ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಇನ್ಫ್ರಾರೆಡ್ ಗನ್ ಹಿಡಿದು ಡಿಸ್ಕುಗಳ ಬಿಸಿ ನೋಡಿದೆ. ಮುಂದಿನ ಎಡ 150 ಡಿಗ್ರಿ, ಬಲ 70. ಸಾಕಲ್ಲ?

ಬಲ ಚಕ್ರ ಬಿಚ್ಚಿದೆವು. ಒಳಗಿನ ಪ್ಯಾಡ್ ಸವೆದು ತೆಳ್ಳಗೆ, ಹೊರಗಿನದು ದಪ್ಪ ಇದ್ದಂಗೇ ಇದೆ. ಈ ಕ್ಯಾಲಿಪರಿನಲ್ಲಿ ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಒತ್ತಬೇಕು. ಪಿನ್ ಹಿಡಿದುಕೊಂಡರೆ ಅರ್ಧ ಬ್ರೇಕ್ ಹೋದಂತೆ. ನಮ್ಮದರಲ್ಲಿ ಒಂದು ಪಿನ್ ಹೊರಗೆ ಬರಲು ಕಾಕಾ ಸಾಕಷ್ಟು ಬೆವರು ಸುರಿಸಿದರು. ಹಿಂದೆ ಯಾರೋ ಬೇರಿಂಗಿಗೆ ಹಾಕುವ ಗ್ರೀಸ್ ತುಂಬಿದ್ದರು. ಬ್ರೇಕಿನ ರಬ್ಬರಿಗೆ ಪೆಟ್ರೋಲಿಯಂ ಗ್ರೀಸ್ ಆಗಿಬರಲ್ಲ, ರಬ್ಬರ್ ಉಬ್ಬುತ್ತದೆ. ಅಲ್ಲಿ ಸಿಲಿಕೋನ್ ಗ್ರೀಸ್ ಅಥವಾ ಬ್ರೇಕಿಗೆಂದೇ ಬರುವ ಗ್ರೀಸ್ ಬೇಕು. ಎಷ್ಟೋ ಗ್ಯಾರೇಜುಗಳಲ್ಲಿ ಒಂದೇ ಡಬ್ಬಿ ಎಲ್ಲದಕ್ಕೂ ನಡೆಯುತ್ತದೆ, ಅದನ್ನು ಕಣ್ಣಿಟ್ಟು ನೋಡಬೇಕು. ತೊಳೆಯಲು ಡೀಸೆಲ್, ಸೀಮೆಎಣ್ಣೆ ಬಳಸಿದರೂ ಇದೇ ಕಥೆ.

ಪಿಸ್ಟನ್ನಿಗೆ ಧೂಳು ತಡೆಯುವ ರಬ್ಬರ್ ಹರಿದು, ಪುಣೆಯ ಮಳೆಗಾಲಗಳ ನೀರು ಒಳಗೆ ಹೋಗಿತ್ತು. ಪಿಸ್ಟನ್ ಹೊರಗೆ ತೆಗೆಯಲು ಕಂಪ್ರೆಸರ್ ಗಾಳಿ ಬಿಡುವವರಿದ್ದಾರೆ. ಅದು ಗುಂಡಿನಂತೆ ಹಾರಿ ಬೆರಳು ಜಜ್ಜುತ್ತದೆ. ನಾವು ಎದುರಿಗೆ ಮರದ ತುಂಡು ಇಟ್ಟು, ಬ್ರೇಕ್ ಪೆಡಲಿನಿಂದಲೇ ಮೆಲ್ಲಗೆ ತಳ್ಳಿಸಿದೆವು. ಪಿಸ್ಟನ್ ಮೇಲೆ ಸೀಲ್ ಓಡಾಡುವ ಜಾಗದಲ್ಲೇ ತುಕ್ಕಿನ ಗುಳಿ ಬಿದ್ದಿದ್ದವು. ತಿಕ್ಕಿ ಹಾಕುವ ಹಾಗಿರಲಿಲ್ಲ. ಭೋಸರಿಯಲ್ಲಿ ಲೇತಿನಲ್ಲಿ ಏನು ಬೇಕಾದರೂ ಕಡೆದು ಕೊಡುತ್ತಾರೆ. ಬ್ರೇಕಿನ ವಿಷಯದಲ್ಲಿ ನಾನು ಆ ದಾರಿ ಹಿಡಿಯಲ್ಲ. ವರ್ನಿಯರಿನಲ್ಲಿ ವ್ಯಾಸ ಅಳೆದು, ಪಿಸ್ಟನ್ ಮತ್ತು ಸೀಲ್ ಕಿಟ್ ಎರಡನ್ನೂ ಹೊರಗಿನಿಂದ ತರಿಸಿಕೊಂಡೆ. ಒಂದು ಕಡೆ ಮಾಡಿದ ಮೇಲೆ ಇನ್ನೊಂದು ಕಡೆ ಬಿಡಬಾರದು, ಎಡದ್ದಕ್ಕೂ ಹೊಸ ಸೀಲ್ ಬಿತ್ತು.

ಪ್ಯಾಡ್‌ಗಾಗಿ ನಾನಾ ಪೇಠಿಗೆ ಹೋದೆ. ಸೆಲಿಕಾ ಅಂದರೆ ಅಂಗಡಿಯವರು ಮುಖ ನೋಡುತ್ತಾರೆ. ಹಳೆ ಪ್ಯಾಡ್ ಕೈಯಲ್ಲಿ ಹಿಡಿದು ಆಕಾರ ಹೊಂದಿಸಬೇಕು. "ಹೇ ಚಾಲೇಲ ಸಾಹೇಬ್" (ಇದು ನಡೆಯುತ್ತೆ ಸಾಹೇಬರೇ) ಅಂತ ಹತ್ತಿರದ್ದೊಂದನ್ನು ಮುಂದಿಟ್ಟೇ ಇಡುತ್ತಾರೆ. ಆಕಾರ ಹೊಂದಿದರೆ ಸಾಲದು. ಪ್ಯಾಡಿನ ಅಂಚಿನಲ್ಲಿ ಎರಡು ಅಕ್ಷರದ ಗುರುತು ಇರುತ್ತದೆ: ಇಇ, ಎಫ್‌ಎಫ್, ಜಿಜಿ ಹೀಗೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಹಿಡಿತ ಎಷ್ಟು, ಎರಡನೆಯದು ಕಾದಾಗ ಎಷ್ಟು ಎಂದು ಹೇಳುತ್ತದೆ. ಇ ಅಂದರೆ ಘರ್ಷಣೆಯ ಅಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ನನ್ನ ಹಳೆಯವು ಇಇ, ಮೇಲೆ ಗಾಜಿನ ಹೊಳಪು ಬೇರೆ. ಅದೇ ಕಾಲಿನ ಒತ್ತಡಕ್ಕೆ ಎಫ್‌ಎಫ್ ಪ್ಯಾಡ್ ಎದ್ದು ಕಾಣುವಷ್ಟು ಜಾಸ್ತಿ ಹಿಡಿಯುತ್ತದೆ. ರೇಸಿಂಗ್ ಪ್ಯಾಡ್ ಹಾಕಲಿಲ್ಲ. ಅವು ಕಾದ ಮೇಲಷ್ಟೇ ಹಿಡಿಯುವಂಥವು, ಬೆಳಗ್ಗೆ ಸೊಸೈಟಿ ಗೇಟಿನಲ್ಲಿ ಏನು ಮಾಡುವುದು?

ಡಿಸ್ಕ್ ದಪ್ಪ ಮೈಕ್ರೋಮೀಟರಿನಲ್ಲಿ ಅಳೆದೆ. ಕನಿಷ್ಠ ದಪ್ಪ ಎಷ್ಟೆಂದು ಡಿಸ್ಕಿನ ಮೇಲೇ ಕೆತ್ತಿರುತ್ತಾರೆ. ನನ್ನದು ಅದಕ್ಕಿಂತ ಸ್ವಲ್ಪವೇ ಮೇಲಿತ್ತು, ಹಾಗಾಗಿ ಲೇತಿಗೆ ಕೊಡಲಿಲ್ಲ, ಕೊಟ್ಟಿದ್ದರೆ ಮಿತಿಗಿಂತ ಕೆಳಗೆ ಹೋಗುತ್ತಿತ್ತು. ಹಬ್ಬಿನ ತುಕ್ಕು ಕೆರೆದು, ಡಿಸ್ಕಿನ ಮೇಲ್ಮೈಗೆ ಪಾಲಿಶ್ ಪೇಪರ್ ತಿಕ್ಕಿ ಮತ್ತೆ ಕೂರಿಸಿದೆ. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆ ಪ್ಯಾಡಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒದ್ದೆ ಬಟ್ಟೆ ಸಾಕು.

ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಇದು ಗಾಳಿಯಲ್ಲಿನ ತೇವ ಹೀರುತ್ತದೆ, ಹೀರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 3 ದರ್ಜೆಯ ಆಯಿಲಿಗೆ ನಿಗದಿಯಾದ ಕನಿಷ್ಠ ಮಟ್ಟ ಹೊಸದರಲ್ಲಿ 205 ಡಿಗ್ರಿ, ತೇವ ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಘಾಟ್ ಇಳಿಯುವಾಗ ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ನೇರ ನೆಲಕ್ಕೆ ಹೋಗುತ್ತದೆ. ನಾನು ಡಾಟ್ 4 ಹಾಕಿದೆ. ಡಾಟ್ 5 ಸಿಲಿಕೋನಿನದ್ದು, ಇದರ ಜೊತೆ ಬೆರೆಯಲ್ಲ, ಅದರ ಹತ್ತಿರ ಹೋಗಬೇಡಿ.

ಏರ್ ತೆಗೆಯಲು ಮಗಳು ಸೀಟಿನಲ್ಲಿ ಕೂತಳು. ನಾನು ಚಕ್ರದ ಬಳಿ, ಏರ್ ಬಿಡುವ ನಿಪ್ಪಲ್ ಹತ್ತಿರ. "ಒತ್ತು", "ಒತ್ತಿದೆ ಅಪ್ಪಾ", "ಹಿಡಿದಿರು". ಮಾಸ್ಟರ್ ಸಿಲಿಂಡರಿನಿಂದ ದೂರ ಇರುವ ಹಿಂದಿನ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬಂದೆವು. ಹಳೆ ಗಾಡಿಗೆ ಒಂದು ಮಾತು: ಪೆಡಲನ್ನು ನೆಲದ ತನಕ ಒತ್ತಿಸಬೇಡಿ. ದಿನಬಳಕೆಯಲ್ಲಿ ಸೀಲ್ ಓಡಾಡದ ಆ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ, ಅಲ್ಲಿಗೆ ಹೋದ ಸೀಲ್ ಹರಿಯಬಹುದು. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟಿದ್ದೆವು.

ಹೊಸ ಪ್ಯಾಡ್ ಹಾಕಿದ ಕೂಡಲೇ ಘಾಟಿಗೆ ಹೋಗಬಾರದು. ರಜೆ ದಿನ ಬೆಳಗ್ಗೆ ಖಾಲಿ ರಸ್ತೆಯಲ್ಲಿ 60ರಿಂದ 10ರ ತನಕ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸದೆ, ಮತ್ತೆ ವೇಗ ಏರಿಸಿ, ಹೀಗೆ ಹತ್ತು ಸಲದ ತನಕ ಮಾಡಿ, ಆಮೇಲೆ ಬ್ರೇಕ್ ಮುಟ್ಟದೆ ತಣ್ಣಗೆ ಓಡಿಸಬೇಕು. ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮನಾಗಿ ಕೂರುತ್ತದೆ. ಅದಾದ ಮೇಲೆ 50ರಿಂದ ಪೂರ್ತಿ ಒತ್ತಿದೆ. ಎಬಿಎಸ್ ಕೊನೆಗೂ ಗಡಗಡ ಅಂದಿತು. ಗಾಡಿ ನೆಟ್ಟಗೆ ನಿಂತಿತು.

ದೊಡ್ಡ ಬ್ರೇಕ್ ಕಿಟ್ ಯಾರಿಗೂ ಬೇಡವೇ ಅಂದರೆ, ಹಾಗಲ್ಲ. ಅದರ ಲಾಭ ಇರುವುದು ಬಿಸಿ ತಾಳುವುದರಲ್ಲಿ. ಲೋಣಾವಳದಿಂದ ಖೋಪೋಲಿಗೆ ಬೋರ್ ಘಾಟ್ ಇಳಿದರೆ 500 ಮೀಟರಿಗೂ ಹೆಚ್ಚು ಕೆಳಗೆ ಬರುತ್ತೇವೆ. 500 ಮೀಟರ್ ಅಂತಲೇ ಹಿಡಿದರೂ ಆ ಶಕ್ತಿ 100ರ ವೇಗದಿಂದ 12 ಸಲ ನಿಲ್ಲಿಸಿದ್ದಕ್ಕಿಂತ ಹೆಚ್ಚು, ಗಾಡಿಯ ತೂಕ ಎಷ್ಟೇ ಇರಲಿ. ಅದನ್ನೆಲ್ಲ ಡಿಸ್ಕಿಗೇ ಹೊರಿಸಿದರೆ ಯಾವ ಕಿಟ್ ಆದರೂ ಒದ್ದಾಡುತ್ತದೆ. ನಾನು ಎರಡನೇ ಅಥವಾ ಮೂರನೇ ಗೇರಿಗೆ ಇಳಿಸಿ ಎಂಜಿನ್ನಿಗೂ ಪಾಲು ಕೊಡುತ್ತೇನೆ. ಟ್ರ್ಯಾಕಿಗೆ ಹೋಗುವವರ ಮಾತು ಬೇರೆ. ಮುಂದೆ ಮಾತ್ರ ದೊಡ್ಡ ಪಿಸ್ಟನ್ ಹಾಕಿದರೆ ಪೆಡಲ್ ಉದ್ದ ಹೋಗುತ್ತದೆ, ಹಿಂದು ಮುಂದಿನ ಹಂಚಿಕೆಯೂ ಕೆಡುತ್ತದೆ, ಅದನ್ನೂ ಲೆಕ್ಕ ಹಾಕಬೇಕು. ಸ್ಟೀಲ್ ಹೆಣೆದ ಹೋಸ್ ನಾನೂ ಹಾಕಿದೆ, ಹಳೆ ರಬ್ಬರ್ ಬಿರುಕು ಬಿಟ್ಟಿತ್ತು ಅಂತ. ಪೆಡಲ್ ಚೊಕ್ಕ ಆಯಿತು. ನಿಲ್ಲುವ ದೂರ ಅದರಿಂದಲೇ ಕಡಿಮೆ ಆಯಿತು ಅಂತ ಹೇಳಲಾರೆ.

ಈಗ ಉಳಿದದ್ದು ಟಯರ್. ಎಬಿಎಸ್ ಮಾತಾಡಲು ಶುರು ಮಾಡಿದ ಮೇಲೆ ಮಿತಿ ಅಲ್ಲಿಗೆ ಬಂತು. ಪಕ್ಕದಲ್ಲಿನ ನಾಲ್ಕು ಅಂಕಿ ನೋಡಿದರೆ 2216, ಅಂದರೆ 2016ರ 22ನೇ ವಾರ ತಯಾರಾದದ್ದು. ರಬ್ಬರ್ ಗಟ್ಟಿಯಾಗಿದೆ. ನನ್ನ ಗಾಡಿಯಲ್ಲಿರುವ 205/55 ಆರ್ 15 ಅಳತೆ ಅಂಗಡಿಯಲ್ಲಿ ಸಿಗುತ್ತಿಲ್ಲ. 195/60 ಆರ್ 15 ಸಿಗುತ್ತದೆ. ಚಕ್ರದ ಎತ್ತರ ಸುಮಾರು 8.5 ಮಿಲಿಮೀಟರ್ ಜಾಸ್ತಿ ಆಗುತ್ತದೆ, ಸ್ಪೀಡೋಮೀಟರ್ ಶೇಕಡಾ 1.4ರಷ್ಟು ಕಡಿಮೆ ತೋರಿಸುತ್ತದೆ. ಅದು ನಡೆಯುತ್ತದೆ. ನಾಲ್ಕಕ್ಕೂ ಹೇಳಿಟ್ಟಿದ್ದೇನೆ.